ಕಣ್ಣೂ ಸಂಘದ ಲೆಕ್ಕಕ್ಕೆ ಬರಲಿ

(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತಗಳ ಬಗ್ಗೆ ಸೇರಿದ ಸಭೆಯಲ್ಲಿ ಕಣ್ಣಿನ ಮಾತು ಯಾಕೆ ಬಂತು ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು. ಕಣ್ಣು ಡಾಕ್ಟರ ಕೆಲಸ, ಹೊಡೆತ ಪೊಲೀಸರ ಕೆಲಸ, ಸಾಲ ಸಂಘದ ಕೆಲಸ ಎಂದು ಮೂರನ್ನೂ ಮೂರು ಗೂಟಕ್ಕೆ ಕಟ್ಟಿದ್ದೇವೆ. ಹೆಂಗಸಿನ ಬದುಕಿನಲ್ಲಿ ಇವು ಹಾಗೆ ಬೇರೆ ಬೇರೆ ನಿಲ್ಲುವುದಿಲ್ಲ. ಮಹಿಳೆಯರ ನೆರವು ಕೇಂದ್ರದಲ್ಲಿ ಕುಳಿತು ದೂರು ಕೇಳುವ ನನಗೆ ಇದು ಮತ್ತೆ ಮತ್ತೆ ಎದುರಾಗುವ ಸಂಗತಿ. ಕಣ್ಣು ಮಂಜಾದವಳು ಮನೆಯಲ್ಲಿ ಬೈಸಿಕೊಳ್ಳುತ್ತಾಳೆ. ಹೊಡೆಸಿಕೊಂಡವಳು ಕಣ್ಣು ಕಳೆದುಕೊಳ್ಳುತ್ತಾಳೆ. ಎರಡೂ ಸೇರಿದರೆ ಅವಳು ಆ ಮನೆಯಿಂದ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಆ ದಾರಿಯನ್ನು ತೆರೆದಿಡುವ ಜಾಗ ನಮ್ಮ ಸಂಘದ ವಾರದ ಸಭೆಯೇ ಆಗಬಹುದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಮನೆಯ ಲೆಕ್ಕ ನೋಡೋಣ. 2015ರಿಂದ 2019ರವರೆಗೆ ಕೇಂದ್ರ ಸರ್ಕಾರ ದೇಶದಲ್ಲಿ ಅಂಧತ್ವದ ಸಮೀಕ್ಷೆ ನಡೆಸಿತು. 50 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 1.67 ಮಂದಿ ಅಂಧರು, ಹೆಂಗಸರಲ್ಲಿ 2.31. ಓದು ಬರಹ ಇಲ್ಲದವರಲ್ಲಿ 3.23, ಹತ್ತನೇ ತರಗತಿ ಮುಗಿಸಿದವರಲ್ಲಿ 0.43. ಈ ಅಂಧತ್ವದಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಾರಣ ಕಣ್ಣಿನ ಪೊರೆ. ಪೊರೆ ಎಂದರೆ ವಾಸಿಯಾಗದ ಕಾಯಿಲೆಯೇನಲ್ಲ. ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆಯೂ ಬೇಕಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಹಾಗಿದ್ದರೂ ಹೆಂಗಸರಲ್ಲೇ ಹೆಚ್ಚು ಯಾಕೆ? ಹೆಂಗಸರ ಆಯಸ್ಸು ಸ್ವಲ್ಪ ಹೆಚ್ಚು ಎನ್ನುವುದು ಒಂದು ಕಾರಣ. ಸೌದೆ ಒಲೆಯ ಹೊಗೆಗೂ ಪೊರೆಗೂ ಸಂಬಂಧ ಇದೆ ಎನ್ನುತ್ತಾರೆ ವೈದ್ಯರು. ಇನ್ನೊಂದು ಕಾರಣವನ್ನು ಯಾವ ಡಾಕ್ಟರೂ ನಮಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಮೊದಲು ಗಂಡಸಿನ ಕಣ್ಣು, ಆಮೇಲೆ ಮಕ್ಕಳ ಕಣ್ಣು, ಆಮೇಲೆ ದನದ ಕಣ್ಣು. ಅತ್ತೆಯದೋ ವಿಧವೆ ಅತ್ತಿಗೆಯದೋ ಕೊನೆಗೆ. "ಇನ್ನೇನ್ ನೋಡ್ಬೇಕಾಗೈತೆ ಬಿಡವ್ವ, ವಯಸ್ಸಾಯ್ತು" ಎಂದು ಅವರಿಗೆ ಬೇರೆಯವರು ಹೇಳುತ್ತಾರೆ. ಕೇಳಿ ಕೇಳಿ ಕೊನೆಗೆ ಅವರೇ ಹೇಳಿಕೊಳ್ಳುತ್ತಾರೆ.

ನಮ್ಮ ಊರುಗಳ ಸಂಗತಿ ಇನ್ನೂ ಸ್ವಲ್ಪ ಕಷ್ಟದ್ದು. ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ತೋಟದ ಲೈನ್ ಮನೆಗಳಿಂದ ರಸ್ತೆಗೆ ಬರುವುದೇ ಒಂದು ಪ್ರಯಾಣ. ಮಳೆಗಾಲದಲ್ಲಿ ಅದೂ ಆಗುವುದಿಲ್ಲ. ಕುಯ್ಲಿನ ತಿಂಗಳುಗಳಲ್ಲಿ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಇವೆಲ್ಲದರ ಮೇಲೆ ಆನೆಯ ಕಾಟ. ಬೆಳಗಿನ ಮೊದಲ ಬಸ್ಸಿಗೆ ಕತ್ತಲಲ್ಲಿ ನಡೆದು ಬರಬೇಕು, ಸಂಜೆ ಕೊನೆಯ ಬಸ್ಸು ಇಳಿದು ಮತ್ತೆ ಕತ್ತಲಲ್ಲಿ ನಡೆಯಬೇಕು. ಕಣ್ಣು ಚೆನ್ನಾಗಿರುವವರೇ ಹೆದರುವ ದಾರಿಯಲ್ಲಿ ಕಣ್ಣು ಮಂಜಾದವಳು ಹೇಗೆ ಹೊರಡುತ್ತಾಳೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ತಪ್ಪಿತು. ಅದು ದೊಡ್ಡ ಉಪಕಾರವೇ. ಆದರೆ ಬಸ್ಸಿನ ಚಾರ್ಜು ಹೋದಷ್ಟು ಸುಲಭವಾಗಿ ಮನೆಯವರ ಅಪ್ಪಣೆ ಹೋಗಲಿಲ್ಲ.

ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ಹೆಸರು ನೆನಪಿರಬೇಕು. 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಅವರು ಊರೂರು ತಿರುಗಿ ಸಾಮೂಹಿಕ ನೇತ್ರ ಶಿಬಿರ ನಡೆಸಿದರು. ಬಡವರ ಕಣ್ಣು ಆಸ್ಪತ್ರೆಗೆ ಬರಲಾರದು, ಆಸ್ಪತ್ರೆಯೇ ಬಡವರ ಹತ್ತಿರ ಹೋಗಬೇಕು ಎಂಬುದನ್ನು ಈ ನಾಡಿಗೆ ಮಾಡಿ ತೋರಿಸಿದವರು ಅವರು. ಆದರೆ ಶಿಬಿರ ಊರಿಗೆ ಬಂದ ಮಾತ್ರಕ್ಕೆ ಎಲ್ಲರೂ ಬರುತ್ತಾರೆಯೇ? ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಏಳು ಮಂದಿಗಿಂತಲೂ ಕಡಿಮೆ. ಶಿಬಿರ ಉಚಿತವಾಗಿತ್ತು. ಹೆಂಗಸರನ್ನು ತಡೆದದ್ದು ಫೀಸಲ್ಲ. ಜೊತೆಗೆ ಬರುವವರು ಇಲ್ಲದ್ದು, ಮನೆಯ ಕೆಲಸ ಬಿಡಲಾಗದ್ದು, ಭಯ ಇವೇ ತಡೆಯುತ್ತವೆ. ಇವು ಡಾಕ್ಟರು ತೆಗೆಯಬಹುದಾದ ಅಡ್ಡಿಗಳಲ್ಲ. ಪಕ್ಕದ ಮನೆಯ ಹೆಂಗಸು ತೆಗೆಯಬಹುದಾದ ಅಡ್ಡಿಗಳು.

ಇನ್ನು ಚಾಳೀಸಿನ ಮಾತು. 40 ದಾಟಿದ ಮೇಲೆ ಹತ್ತಿರದ್ದು ಕಾಣದಿರುವುದು ಎಲ್ಲರಿಗೂ ಬರುವಂಥದ್ದು. ಗಂಡಸಿಗೆ ಪೇಪರು ಓದಲು ಕನ್ನಡಕ ಬೇಕು ಎಂದರೆ ಮನೆಯವರು ಒಪ್ಪುತ್ತಾರೆ. "ನೀನೇನ್ ಪೇಪರ್ ಓದ್ಬೇಕಾ?" ಎಂದು ಹೆಂಗಸನ್ನು ಕೇಳುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವವಳು ಯಾರು? ಸೂಜಿಗೆ ದಾರ ಪೋಣಿಸುವವಳು ಯಾರು? ಕಾಫಿ ಬೀಜ ಆರಿಸುವವಳು, ಮಗುವಿನ ಔಷಧಿ ಬಾಟಲಿಯ ಗೆರೆ ನೋಡುವವಳು ಯಾರು? ಅನ್ನದಲ್ಲಿ ಕಲ್ಲು ಸಿಕ್ಕಿತು ಎಂದು ತಟ್ಟೆ ಎಸೆದ ಗಂಡಸರ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಸಂಘದ ಪಾಸ್‌ಪುಸ್ತಕದ ಅಂಕಿ ಕಾಣದೆ, ಸಾಲದ ಕಾಗದ ಕಾಣದೆ, ಮಗ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ ಜಮೀನಿನ ಪಾಲು ಕಳೆದುಕೊಂಡ ತಾಯಂದಿರೂ ನಮ್ಮ ಕೇಂದ್ರಕ್ಕೆ ಬಂದಿದ್ದಾರೆ. ಕಷ್ಟಪಟ್ಟು ರುಜು ಮಾಡಲು ಕಲಿತವಳು ಕನ್ನಡಕ ಇಲ್ಲದೆ ಮತ್ತೆ ಹೆಬ್ಬೆಟ್ಟಿಗೆ ಇಳಿಯುತ್ತಾಳೆ.

ಕನ್ನಡಕ ಕೂಲಿಯ ವಿಷಯವೂ ಹೌದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 40 ವರ್ಷ ಮೇಲ್ಪಟ್ಟ 751 ಕೆಲಸಗಾರರನ್ನು ತೆಗೆದುಕೊಂಡು ಸುಮಾರು ಅರ್ಧ ಜನರಿಗೆ ಹತ್ತಿರದ ಕನ್ನಡಕ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರು ಕೀಳುವ ಸೊಪ್ಪು, ಹಾಕದವರಿಗೆ ಹೋಲಿಸಿದರೆ ನೂರಕ್ಕೆ ಸುಮಾರು 22ರಷ್ಟು ಹೆಚ್ಚಾಯಿತು. ಅಲ್ಲಿ ಚಹಾ ಸೊಪ್ಪು, ಇಲ್ಲಿ ಕಾಫಿ ಹಣ್ಣು, ಮೆಣಸು. ತೂಕದ ಮೇಲೆ ಕೂಲಿ ಪಡೆಯುವವಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಸಂಪಾದನೆ ಕುಗ್ಗಿದಂತೆ ಮನೆಯಲ್ಲಿ ಅವಳ ಮಾತೂ ಕುಗ್ಗುತ್ತದೆ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿ ಕನ್ನಡಕ ಕೊಟ್ಟರೆ ಹುಡುಗ ಹಾಕಿಕೊಳ್ಳುತ್ತಾನೆ. ಹುಡುಗಿಯ ಕನ್ನಡಕ ಪೆಟ್ಟಿಗೆ ಸೇರುತ್ತದೆ. "ಕನ್ನಡಕದ ಹುಡುಗೀನ ಯಾರ್ ಮದ್ವೆ ಆಗ್ತಾರೆ?" ಎಂಬ ಮಾತು ಅವಳ ಅಮ್ಮನ ಬಾಯಿಂದಲೇ ಬರುತ್ತದೆ. ಬೋರ್ಡು ಕಾಣದ ಹುಡುಗಿ ಪಾಠದಲ್ಲಿ ಹಿಂದೆ ಬೀಳುತ್ತಾಳೆ, ದಡ್ಡಿ ಎನ್ನಿಸಿಕೊಳ್ಳುತ್ತಾಳೆ, ಶಾಲೆ ಬಿಡುತ್ತಾಳೆ, ಬೇಗ ಮದುವೆಯಾಗುತ್ತಾಳೆ. ಹೆಣ್ಣು ನೋಡಲು ಬಂದ ದಿನ ಕನ್ನಡಕ ಬಚ್ಚಿಡುತ್ತಾರೆ. ಮದುವೆಯಾದ ಮೇಲೆ ಅದು ಹೊರಬರಲೇಬೇಕು. ಆಗ "ಕಣ್ಣಿಲ್ಲದವಳನ್ನ ಕಟ್ಟಿ ಮೋಸ ಮಾಡಿದ್ರು" ಎಂಬ ರಾಗ ಶುರು. ಅದರ ಹಿಂದೆಯೇ ಇನ್ನಷ್ಟು ಚಿನ್ನ, ಇನ್ನಷ್ಟು ದುಡ್ಡು, ಒಂದು ಬೈಕು. ಕೊರತೆ ಇರುವ ವಸ್ತುವಿಗೆ ಬೆಲೆ ಇಳಿಸಿ ಕೇಳುವ ಸಂತೆಯ ಲೆಕ್ಕವನ್ನೇ ಹೆಣ್ಣಿನ ಮೇಲೆ ಹಾಕುತ್ತಾರೆ. ವರದಕ್ಷಿಣೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು 1961ರಿಂದಲೇ ಅಪರಾಧ. ಕನ್ನಡಕದ ನೆಪ ಹೇಳಿ ಕೇಳಿದರೂ ಅಪರಾಧವೇ. ತಾಯಂದಿರೇ, ಮಗಳ ಕನ್ನಡಕವನ್ನು ಬಚ್ಚಿಡಬೇಡಿ. ಹೆಣ್ಣು ನೋಡಲು ಬಂದವರ ಮುಂದೆ ಅವಳು ಕನ್ನಡಕ ಹಾಕಿಕೊಂಡೇ ಕೂರಲಿ. ಅದನ್ನು ಕಂಡು ಎದ್ದುಹೋಗುವವನು ಎದ್ದುಹೋದದ್ದೇ ಲಾಭ.

ಈಗ ಹೊಡೆತದ ಮಾತು. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಆ ಸಮೀಕ್ಷೆ ಗಾಯಗಳ ಬಗ್ಗೆ ಕೇಳುವ ಪ್ರಶ್ನೆಯಲ್ಲಿ ಕಣ್ಣಿನ ಗಾಯದ ಹೆಸರೂ ಇದೆ. ಕೈ ಎತ್ತುವವನ ಪೆಟ್ಟು ಹೆಚ್ಚಾಗಿ ಬೀಳುವುದು ಮುಖದ ಮೇಲೆ. ಕಪ್ಪುಗಟ್ಟಿದ ಕಣ್ಣು ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ, ಸೆರಗು ಮುಚ್ಚಿಕೊಂಡು ಕೆಲಸಕ್ಕೆ ಹೋಗುತ್ತೇವೆ. ಆದರೆ ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ. ಗುದ್ದಿನಿಂದ ಕಣ್ಣಿನೊಳಗೆ ರಕ್ತ ತುಂಬಬಹುದು, ಒಳಪೊರೆ ಕಿತ್ತು ಬರಬಹುದು, ತಿಂಗಳುಗಳು ಕಳೆದ ಮೇಲೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಿ ವರ್ಷಗಳಾದ ಮೇಲೂ ದೃಷ್ಟಿ ಹೋಗಬಹುದು.

ಈ ಗುರುತುಗಳನ್ನು ಮನಸ್ಸಿನಲ್ಲಿಡಿ. ಪೆಟ್ಟು ಬಿದ್ದ ಮೇಲೆ ದೃಷ್ಟಿ ಮಂಜಾದರೆ, ಒಂದು ಎರಡಾಗಿ ಕಂಡರೆ, ಕರಿಗುಡ್ಡೆಯ ಮುಂದೆ ರಕ್ತ ಕಂಡರೆ, ಮಿಂಚು ಹೊಡೆದಂತೆ ಅಥವಾ ನೊಣ ಹಾರಿದಂತೆ ಕಂಡರೆ, ಪಕ್ಕದಿಂದ ಪರದೆ ಇಳಿದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣ್ಣು ಒಡೆದಿದೆ ಅಥವಾ ಏನೋ ಚುಚ್ಚಿಕೊಂಡಿದೆ ಎನ್ನಿಸಿದರೆ ಒತ್ತಬಾರದು, ತೊಳೆಯಬಾರದು, ಚುಚ್ಚಿದ್ದನ್ನು ಕೀಳಬಾರದು. ಒಂದು ಸಣ್ಣ ಲೋಟವನ್ನು ಕಣ್ಣಿಗೆ ತಾಗದಂತೆ ಬೋರಲು ಹಾಕಿ ಬಟ್ಟೆ ಕಟ್ಟಿ ಕರೆದೊಯ್ಯಬೇಕು. ಸುಣ್ಣ, ಆಸಿಡ್, ತೋಟದ ಔಷಧಿ ಬಿದ್ದರೆ ಮಾತ್ರ ಒಂದು ನಿಮಿಷವೂ ಕಾಯದೆ ಶುದ್ಧ ನೀರು ಹರಿಸಿ ಅರ್ಧ ಗಂಟೆ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಎಲೆ ಅಡಿಕೆಯ ಸುಣ್ಣದ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ಕಾಫಿ ಕೊಂಬೆಯೋ ಹುಲ್ಲಿನ ಗರಿಯೋ ಕಣ್ಣಿಗೆ ತಾಗಿದರೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡಬೇಡಿ. ಗಿಡ ತಾಗಿದ ಗಾಯಕ್ಕೆ ಬೂಷ್ಟು ಹಿಡಿದು ಹುಣ್ಣಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ಆ ಹುಣ್ಣು ಕಣ್ಣನ್ನೇ ತಿನ್ನುತ್ತದೆ.

ಆಸ್ಪತ್ರೆಯಲ್ಲಿ ಏನು ಹೇಳುತ್ತೀರಿ ಎನ್ನುವುದೂ ಮುಖ್ಯ. ತೋಟದ ಕೆಲಸದ ಒಬ್ಬ ತಂಗಿ ನಮ್ಮಲ್ಲಿಗೆ ಬಂದಿದ್ದಳು. ಗಂಡ ಎಸೆದ ಚೊಂಬು ತಾಗಿ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ಪೆಟ್ಟು ಬಿದ್ದ ದಿನ ಗಂಡನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅವನು ಪಕ್ಕದಲ್ಲೇ ನಿಂತಿದ್ದರಿಂದ "ಕಾಫಿ ಕೊಂಬೆ ತಾಗ್ತು" ಎಂದಿದ್ದಳು. ಚೀಟಿಯಲ್ಲಿ ಅದೇ ಬರೆದಿತ್ತು. ಮುಂದೆ ಅವಳು ದೂರು ಕೊಟ್ಟಾಗ ಆ ಚೀಟಿಯನ್ನೇ ಅವನ ಕಡೆಯವರು ಹಿಡಿದುಕೊಂಡರು. ಅವಳನ್ನು ತಪ್ಪು ಎನ್ನಲು ನಮಗೆ ಯಾವ ಅಧಿಕಾರವೂ ಇಲ್ಲ. ಹೆದರಿಸುವವನು ಜೊತೆಯಲ್ಲಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? ಅದಕ್ಕೇ ಜೊತೆಗೆ ಹೋಗುವವಳು ಸಂಘದ ಹೆಂಗಸಾಗಿರಬೇಕು ಎನ್ನುತ್ತೇನೆ.

ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 7ನೇ ಕಲಮಿನಂತೆ, ನೊಂದ ಹೆಂಗಸು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ದೂರು ಕೊಟ್ಟು ಬಾ, ವರದಿ ತೆಗೆದುಕೊಂಡು ಬಾ ಎಂದು ವಾಪಸು ಕಳಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯವರೇ ಫಾರಂ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಪುಕ್ಕಟೆ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಅವಳ ಮನೆಯಲ್ಲಿ ಇಡಬೇಡಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಟೀಚರ ಮೂಲಕ ಅವರನ್ನು ತಲುಪಬಹುದು. ಚಿಕಿತ್ಸೆಯ ಖರ್ಚನ್ನು ಗಂಡನಿಂದ ಕೊಡಿಸಿ ಎಂದು ಇದೇ ಕಾಯ್ದೆಯ 20ನೇ ಕಲಮಿನಡಿ ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಇನ್ನೊಂದು ಮಾತು ನೆನಪಿಡಿ. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಕಾನೂನು ಅದನ್ನು ಘೋರ ಗಾಯ ಎನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ಹಾಗೇ ಇದೆ. ಬೇಕೆಂದು ಅಂಥ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಆದ್ದರಿಂದ "ಗಂಡ ಹೆಂಡ್ತಿ ಜಗಳ, ಉಂಡು ಮಲಗೋ ತನಕ" ಎನ್ನುವ ಪಂಚಾಯ್ತಿಗೆ ಕಣ್ಣಿನ ಕೇಸನ್ನು ಒಪ್ಪಿಸಬೇಡಿ. 181 ಮಹಿಳಾ ಸಹಾಯವಾಣಿ ಇದೆ. 2015ರಲ್ಲಿ ಶುರುವಾದ ಯೋಜನೆಯ ಸಖಿ ಕೇಂದ್ರ ಜಿಲ್ಲೆಯಲ್ಲಿದೆ.

ಸಂಘ ಏನು ಮಾಡಬಹುದು? ನಾನು ಹೇಳುವುದರಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ.

ಒಂದನೆಯದು, ವರ್ಷಕ್ಕೊಮ್ಮೆ ಸದಸ್ಯೆಯರ ಮತ್ತು ಅವರ ಮನೆಯ ಹಿರಿಯ ಹೆಂಗಸರ ಕಣ್ಣು ನೋಡುವುದು. ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಪಟ ಇರುತ್ತದೆ. ಓದು ಬಾರದವಳೂ ಅದು ಯಾವ ಕಡೆ ತಿರುಗಿದೆ ಎಂದು ಕೈಯಲ್ಲಿ ತೋರಿಸಬಹುದು. ನೆಲದ ಮೇಲೆ ಆರು ಮೀಟರು, ಅಂದರೆ ಸುಮಾರು 20 ಅಡಿ, ಅಳೆದು ಸೀಮೆಸುಣ್ಣದ ಗೆರೆ ಹಾಕಿ. ಒಂದೊಂದೇ ಕಣ್ಣು ಮುಚ್ಚಿ ನೋಡಿಸಿ. ಎರಡೂ ಕಣ್ಣು ತೆರೆದು ನೋಡಿದರೆ ಕೆಟ್ಟ ಕಣ್ಣಿನ ಗುಟ್ಟನ್ನು ಒಳ್ಳೆಯ ಕಣ್ಣು ಮುಚ್ಚಿಬಿಡುತ್ತದೆ. ಹತ್ತಿರದ ದೃಷ್ಟಿಗೆ ಸೂಜಿ ದಾರವೇ ಪರೀಕ್ಷೆ. ಹೇಗೆ ನೋಡುವುದೆಂದು ಒಮ್ಮೆ ಹೇಳಿಕೊಡಲು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. 2023ರಲ್ಲಿ ರಾಜ್ಯ ಸರ್ಕಾರ ಕೆಲವು ಜಿಲ್ಲೆಗಳಲ್ಲಿ ‘ಆಶಾಕಿರಣ’ ಆರಂಭಿಸಿದಾಗ ಮನೆಮನೆಗೆ ಹೋಗಿ ಕಣ್ಣು ನೋಡಿದವರು ಆಶಾ ಕಾರ್ಯಕರ್ತೆಯರೇ. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಲೇಬೇಕು.

ಎರಡನೆಯದು, ಒಂದು ಪುಸ್ತಕ. ಯಾರಿಗೆ ಯಾವ ಕಣ್ಣು ಕಾಣದು, ಎಂದು ಆಸ್ಪತ್ರೆಗೆ ಹೋದಳು, ಹೋಗದಿದ್ದರೆ ಯಾಕೆ ಹೋಗಲಿಲ್ಲ. ಸಾಲದ ಕಂತು ತಪ್ಪಿದರೆ ಮನೆ ಬಾಗಿಲಿಗೆ ಹೋಗಿ ಕೇಳುವ ನಾವು ಕಣ್ಣಿನ ದಿನ ತಪ್ಪಿದರೂ ಹೋಗಿ ಕೇಳೋಣ.

ಮೂರನೆಯದು, ಜೊತೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ, ಆಲೂರಿನ ಆಸ್ಪತ್ರೆಗೋ, ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಮೂರು ನಾಲ್ಕು ಮಂದಿ ಒಟ್ಟಿಗೆ ಹೊರಡಲಿ, ಒಬ್ಬಳು ಗಟ್ಟಿಗಿತ್ತಿ ಜೊತೆಗಿರಲಿ. ಕಣ್ಣಿನವರು ಯಾವ ವಾರ ಕೂರುತ್ತಾರೆ ಎಂದು ಮೊದಲೇ ವಿಚಾರಿಸಿ. ಪೊರೆ "ಹಣ್ಣಾಗಲಿ" ಎಂದು ಕಾಯಬೇಕಾಗಿಲ್ಲ, ಬೇಸಿಗೆ ಬೇಡ ಚಳಿಗಾಲವೇ ಬೇಕು ಎನ್ನುವುದಕ್ಕೂ ಅರ್ಥವಿಲ್ಲ. ಮಳೆ ನೋಡಿ, ಕುಯ್ಲು ನೋಡಿ, ನಮಗೆ ಅನುಕೂಲವಾದ ತಿಂಗಳು ಆರಿಸಿಕೊಳ್ಳೋಣ.

ನಾಲ್ಕನೆಯದು, ಆಪರೇಷನ್ ಆದ ಮೇಲಿನ ದಿನಗಳು. ಹೊಗೆ, ಧೂಳು ತಾಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ಹನಿಯನ್ನು ಕೆಲವು ವಾರ ಬಿಡಬೇಕು ಎಂದು ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಒಲೆ ಯಾರು ಹಚ್ಚುತ್ತಾರೆ, ಕೊಡ ಯಾರು ಹೊರುತ್ತಾರೆ, ದನಕ್ಕೆ ಹುಲ್ಲು ಯಾರು ತರುತ್ತಾರೆ? ಗಂಡಸರು ಮಾಡಲಿ ಎಂದು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಅವರು ಕಲಿಯುವವರೆಗೆ ಸಂಘದವರು ಸರದಿಯಲ್ಲಿ ಒಂದೊಂದು ದಿನ ಹಂಚಿಕೊಳ್ಳೋಣ. ಆ ವಾರದ ಕೂಲಿ ನಷ್ಟಕ್ಕೆ ಉಳಿತಾಯದಿಂದ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡೋಣ.

ಐದನೆಯದು ಬಹಳ ಜೋಪಾನದಿಂದ ಮಾಡಬೇಕಾದದ್ದು. ಕಣ್ಣು ತಪಾಸಣೆಗೆ ಹೋಗುತ್ತೇನೆ ಎಂದರೆ ಎಂಥ ಅನುಮಾನದ ಗಂಡನೂ ಸಾಮಾನ್ಯವಾಗಿ ತಡೆಯುವುದಿಲ್ಲ. ನೆರವು ಕೇಂದ್ರಕ್ಕೆ ಹೋಗುತ್ತೇನೆ ಎಂದರೆ ಕಾಲು ಮುರಿಯುತ್ತಾನೆ. ಆದ್ದರಿಂದ ಕಣ್ಣು ನೋಡುವ ದಿನ ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ. ಅತ್ತೆ, ಗಂಡ, ನಾದಿನಿ ಹೊರಗೆ ಕೂರಲಿ. ಗಾಯ ಕಂಡರೆ ಮೆಲ್ಲಗೆ ಒಂದೇ ಒಂದು ಮಾತು ಕೇಳಿ: "ಇದು ಹೇಗಾಯ್ತು ತಂಗಿ?" ಅವಳು ಹೇಳಿದರೆ ಕೇಳಿ, ಮುಂದಿನ ದಾರಿ ತಿಳಿಸಿ. ಹೇಳದಿದ್ದರೆ ಒತ್ತಾಯ ಮಾಡಬೇಡಿ, ಬಾಗಿಲು ತೆರೆದಿದೆ ಎಂದು ಅವಳಿಗೆ ಗೊತ್ತಾದರೆ ಸಾಕು. ಅವಳು ಹೇಳಿದ್ದನ್ನು ಕಣ್ಣಿನ ಪುಸ್ತಕದಲ್ಲಿ ಬರೆಯಬೇಡಿ, ನೀರಿನ ನಲ್ಲಿಯ ಹತ್ತಿರ ಆಡಬೇಡಿ. ಒಂದು ಬಾಯಿ ಸಡಿಲವಾದರೆ ಆ ಊರಿನ ಹೆಂಗಸರು ಮತ್ತೆ ಆ ಕೋಣೆಗೆ ಬರುವುದಿಲ್ಲ.

ಮಾಡಬಾರದ್ದೂ ಕೆಲವಿವೆ. ಸಂಘ ಆಸ್ಪತ್ರೆಯಲ್ಲ. ನಾವು ಯಾರ ಕಣ್ಣಿಗೂ ಹನಿ ಬಿಡಬಾರದು. ಉಚಿತ ಶಿಬಿರ ಎಂದು ಬಂದವರಿಗೆಲ್ಲ ನಮ್ಮ ಅವ್ವಂದಿರನ್ನು ಒಪ್ಪಿಸಬಾರದು. ಆಪರೇಷನ್ ಯಾವ ಆಸ್ಪತ್ರೆಯಲ್ಲಿ, ಯಾರು ಮಾಡುತ್ತಾರೆ, ಮರುದಿನ ಮತ್ತು ತಿಂಗಳಾದ ಮೇಲೆ ನೋಡುವವರು ಯಾರು ಎಂದು ಕೇಳಿ. ಈಗ ಶಿಬಿರದಲ್ಲಿ ನಡೆಯಬೇಕಾದದ್ದು ತಪಾಸಣೆ ಮಾತ್ರ, ಕತ್ತರಿ ಹಿಡಿಯುವುದು ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಅಸ್ಸಾಮಿನಿಂದಲೋ ಬೇರೆಲ್ಲಿಂದಲೋ ತೋಟದ ಕೆಲಸಕ್ಕೆ ಬಂದ ಹೆಂಗಸರನ್ನು ನಮ್ಮ ಸಂಘದವರಲ್ಲ ಎಂದು ಬಿಡಲೂಬಾರದು. ಭಾಷೆ ಬಾರದ ಊರಿನಲ್ಲಿ ಹೊಡೆಸಿಕೊಳ್ಳುವವಳಿಗೆ ನಮಗಿಂತ ಹೆಚ್ಚು ಕತ್ತಲೆ.

ಅಕ್ಕ ತಂಗಿಯರೇ, ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಹೆಂಗಸರು ವಾರಕ್ಕೊಮ್ಮೆ ಒಂದೆಡೆ ಕೂರುವುದನ್ನೇ ಹಲವು ಮನೆಗಳು ಒಪ್ಪಲಿಲ್ಲ. ಜಗಳವಾಡಿ ಆ ಒಂದು ಗಂಟೆಯನ್ನು ಗಳಿಸಿಕೊಂಡಿದ್ದೇವೆ. ಅದರಲ್ಲಿ ಇಲ್ಲಿಯವರೆಗೆ ದುಡ್ಡು ಎಣಿಸಿದೆವು. ದುಡ್ಡು ಎಣಿಸಲೂ ಕಣ್ಣು ಬೇಕು. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಎದ್ದು ಹೋಗಬೇಡಿ. ಎದುರು ಗೋಡೆಗೆ ಒಂದು ಪಟ ತೂಗುಹಾಕಿ, ನೆಲದ ಮೇಲೆ ಗೆರೆ ಎಳೆಯಿರಿ, ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅವ್ವನನ್ನು ಮೊದಲು ನಿಲ್ಲಿಸಿ. ಸಭೆಗೆ ಬಾರದೆ ಮನೆಯಲ್ಲೇ ಉಳಿದವಳು ಯಾರು, ಯಾಕೆ ಬರಲಿಲ್ಲ ಎಂದು ಅಂದೇ ಸಂಜೆ ಇಬ್ಬರು ಹೋಗಿ ನೋಡಿಬನ್ನಿ.